ರೇಡಿಯೊ ಗುರ್ ಅನ್ನುತ್ತಿತ್ತು: ಫೆರೈಟ್, ಸ್ಪೈಕ್ ಬಸ್ಟರ್, ಬೇರೆ ಬಲ್ಬ್, ಯಾವುದು ಕೆಲಸಕ್ಕೆ ಬಂತು?

ತುಮಕೂರಿನ ನಮ್ಮ ಮನೆಯಲ್ಲಿ ಅಪ್ಪನ ರೇಡಿಯೊ ಮುಳ್ಳು 612 ಕಿಲೋಹರ್ಟ್ಸ್ ಬಿಟ್ಟು ಅಲುಗುವುದಿಲ್ಲ. ಬೆಂಗಳೂರು ಆಕಾಶವಾಣಿ, ಬೆಳಗಿನ ಪ್ರದೇಶ ಸಮಾಚಾರ. ಕೆಲವು ತಿಂಗಳಿಂದ ವಾರ್ತೆಯ ಜೊತೆಗೆ ಒಂದೇ ಸಮ ಗುರ್ ಅನ್ನೋ ಸದ್ದು. ರೇಡಿಯೊಗೆ ವಯಸ್ಸಾಯ್ತು ಅಂದುಕೊಂಡಿದ್ದೆವು. ಒಂದು ದಿನ ವಾರ್ತೆಯ ಮಧ್ಯೆ ಕರೆಂಟ್ ಹೋಯಿತು. ಗುರ್ ತಟ್ಟನೆ ನಿಂತಿತು. ಓದುವವರು ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿತು. ರೇಡಿಯೊ ಓಡುತ್ತಿದ್ದದ್ದು ಸೆಲ್ ಮೇಲೆ. ಅಂದರೆ ತೊಂದರೆ ಇದ್ದದ್ದು ಮನೆಯ ಕರೆಂಟಿನಲ್ಲಿ.

ಮಾರನೇ ದಿನ ಎಂಸಿಬಿಗಳನ್ನು, ಅಂದರೆ ಒಂದೊಂದು ಲೈನಿನ ಕರೆಂಟ್ ಕಡಿಯುವ ಸ್ವಿಚ್ಚುಗಳನ್ನು, ಒಂದೊಂದಾಗಿ ಇಳಿಸಿದೆ. ಹಾಲ್‌ನ ಲೈಟಿನದ್ದು ಇಳಿಸಿದಾಗ ಸದ್ದು ಮುಕ್ಕಾಲು ಪಾಲು ಹೋಯಿತು. ಹೊಸದಾಗಿ ಹಾಕಿದ್ದ 9 ವ್ಯಾಟಿನ ಎಲ್‌ಇಡಿ ಬಲ್ಬುಗಳೇ ಕಾರಣ. ಅವುಗಳ ಒಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ತಕ್ಕಷ್ಟು ಕರೆಂಟ್ ಕೊಡುವ ಸರ್ಕ್ಯೂಟ್, ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುತ್ತದೆ. ಅದರಿಂದ ಹುಟ್ಟುವ ಅಲೆಗಳು 612 ಇರುವ ಮೀಡಿಯಂ ವೇವ್ ಉದ್ದಕ್ಕೂ ಹರಡುತ್ತವೆ. ಗೋಡೆಯೊಳಗಿನ ವೈರೇ ಅವಕ್ಕೆ ಆಂಟೆನಾ.

ಪರೀಕ್ಷೆಗೆ ಒಂದು ಟೇಬಲ್ ಲ್ಯಾಂಪ್‌ಗೆ ಅದೇ ಬಲ್ಬ್ ಹಾಕಿ, ರೇಡಿಯೊವನ್ನು ಮೂರು ಅಡಿ ದೂರ ಇಟ್ಟುಕೊಂಡೆ.

ಮೊದಲು ಸ್ಪೈಕ್ ಬಸ್ಟರ್. ಒಂದಿಷ್ಟೂ ವ್ಯತ್ಯಾಸ ಆಗಲಿಲ್ಲ. ಅದು ವೋಲ್ಟೇಜ್ ದಿಢೀರ್ ಏರಿದಾಗ ಕಾಪಾಡುವ ಸಾಮಾನು. ನಮ್ಮದು ಬೇರೆಯೇ ಕಾಯಿಲೆ.

ಆಮೇಲೆ ವೈರಿಗೆ ಕ್ಲಿಪ್ ಹಾಕುವ ಫೆರೈಟ್, ಅಂದರೆ ವೈರಿನಲ್ಲಿ ಹರಿಯುವ ಇಂಥ ಅಲೆಗಳನ್ನು ತಡೆಯುವ ಕಪ್ಪು ಕಾಂತೀಯ ತುಂಡು. ಇದರ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ಸುಮ್ನೆ ಕ್ಲಿಪ್ ಮಾಡಿದರೆ 612ರಲ್ಲಿ ಏನೂ ಆಗಲ್ಲ. ಇಂಥ ಪುಟ್ಟ ಕ್ಲಿಪ್‌ಗಳು ಹೆಚ್ಚಾಗಿ ಇದಕ್ಕಿಂತ ತುಂಬಾ ಮೇಲಿನ ಫ್ರೀಕ್ವೆನ್ಸಿಗೆ ಮಾಡಿದವು. ದೊಡ್ಡ ಫೆರೈಟ್ ಬಳೆಯೊಂದನ್ನು ತಂದು, ಪ್ಲಗ್ ಕಿತ್ತು, ಎರಡೂ ಎಳೆ ಸೇರಿರುವ ಲ್ಯಾಂಪಿನ ವೈರನ್ನು ಅದಕ್ಕೆ ಏಳು ಸುತ್ತು ಸುತ್ತಿದೆ. ಈಗ ಗುರ್ ಅರ್ಧಕ್ಕಿಂತ ಕಮ್ಮಿ ಆಯಿತು. ಸುತ್ತು ಎರಡರಷ್ಟಾದರೆ ತಡೆ ಹೆಚ್ಚುಕಮ್ಮಿ ನಾಲ್ಕರಷ್ಟಾಗುತ್ತದೆ. ಹಾಗಾಗಿ ಸುತ್ತಿನ ಲೆಕ್ಕವೇ ಮುಖ್ಯ. ಆದರೆ ಹಾಲ್‌ನ ಪ್ರತಿ ಹೋಲ್ಡರಿಗೂ ಇಂಥ ಬಳೆ ಎಲ್ಲಿ ಕೂರಿಸೋದು?

ಕಾಸು ಖರ್ಚಿಲ್ಲದ ದಾರಿ ರೇಡಿಯೊವನ್ನೇ ತಿರುಗಿಸುವುದು. ಒಳಗೆ ಒಂದು ಫೆರೈಟ್ ಕಡ್ಡಿ ಅಡ್ಡಡ್ಡ ಇರುತ್ತದೆ. ಕಡ್ಡಿಯ ತುದಿ ಯಾವ ಕಡೆ ನೋಡುತ್ತದೋ ಆ ಕಡೆಯ ಅಲೆ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ತುದಿಯನ್ನು ಲ್ಯಾಂಪಿನ ಕಡೆ ಮಾಡಿದೆ, ಸದ್ದು ಎದ್ದು ಕಾಣುವಷ್ಟು ಇಳಿಯಿತು. ಹಾಲ್‌ನಲ್ಲಿ ಈ ಉಪಾಯ ಅಷ್ಟು ನಡೆಯಲಿಲ್ಲ, ವೈರು ನಾಲ್ಕೂ ಗೋಡೆಯಲ್ಲಿದೆಯಲ್ಲ. ಕಿಟಕಿ ಹತ್ತಿರ ಇಟ್ಟು ತಿರುಗಿಸಿದಾಗ ಚೆನ್ನಾಗಿ ಕೇಳಿತು.

ಕೊನೆಗೆ ಬೇರೆ ಬಲ್ಬ್. ಗೆದ್ದಿದ್ದು ಇದೇ, ಆದರೆ ನಾನು ಅಂದುಕೊಂಡ ಹಾಗಲ್ಲ. ಜಾಸ್ತಿ ಬೆಲೆಯ ಒಂದು ಬಲ್ಬ್ ನೂರಕ್ಕೆ ತೊಂಬತ್ತು ಪಾಲು ನಿಶ್ಶಬ್ದ. ಕಡಿಮೆ ಬೆಲೆಯ ಇನ್ನೊಂದು ಪೂರ್ತಿ ನಿಶ್ಶಬ್ದ! ಮೂರೂ ಬಗೆಯ ಕೆಟ್ಟುಹೋದ ಬಲ್ಬುಗಳನ್ನು ಬಿಚ್ಚಿ ನೋಡಿದೆ. ಗುರ್ ಅನ್ನುವುದರಲ್ಲಿ ಕಡಲೆಕಾಳಿನಷ್ಟು ಕಾಯಿಲ್, ಒಂದು ಚಿಪ್, ಒಂದು ಕೆಪ್ಯಾಸಿಟರ್, ಅಷ್ಟೇ. ದುಬಾರಿ ಬಲ್ಬಿನಲ್ಲಿ ಕರೆಂಟ್ ಒಳಬರುವ ಕಡೆ ಇನ್ನೊಂದು ಕಾಯಿಲ್, ಇನ್ನೊಂದು ಕೆಪ್ಯಾಸಿಟರ್ ಇತ್ತು. ಅದೇ ಫಿಲ್ಟರ್. ನಿಶ್ಶಬ್ದವಾದ ಅಗ್ಗದ ಬಲ್ಬಿನಲ್ಲಿ ಕಾಯಿಲ್ಲೇ ಇಲ್ಲ. ಎಲ್‌ಇಡಿ ಕೂತಿರುವ ತಟ್ಟೆಯ ಮೇಲೇ ಚಿಪ್ಪೂ ಇದೆ. ಅದು ಕರೆಂಟನ್ನು ಆನ್ ಆಫ್ ಮಾಡದೆ ಸುಮ್ನೆ ತಡೆದು ಹಿಡಿಯುತ್ತದೆ. ಹಾಗಾಗಿ ಸದ್ದೇ ಹುಟ್ಟುವುದಿಲ್ಲ. ಆದರೆ ಸಂಜೆ ವೋಲ್ಟೇಜ್ ಇಳಿದಾಗ ಬೆಳಕೂ ಮಂಕಾಗುತ್ತದೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಪಟ್ಟೆಪಟ್ಟೆ ಕಾಣುತ್ತದೆ. ಓದುವ ಜಾಗಕ್ಕೆ ನಾನು ಅದನ್ನು ಹಾಕುವುದಿಲ್ಲ.

ಹಾಗಾಗಿ ಹಾಲ್‌ಗೆ ಫಿಲ್ಟರ್ ಇರುವ ಬಲ್ಬ್, ಪ್ಯಾಸೇಜಿಗೆ ಕಾಯಿಲ್ ಇಲ್ಲದ್ದು. ಡಬ್ಬಿಯ ಮೇಲೆ ಇದ್ಯಾವುದೂ ಬರೆದಿರುವುದಿಲ್ಲ. ನಾನು ಜೇಬಿನಲ್ಲಿ ಸಣ್ಣ ರೇಡಿಯೊ ಇಟ್ಟುಕೊಂಡು ಅಂಗಡಿಗೆ ಹೋಗುತ್ತೇನೆ. 612ರ ಪಕ್ಕ ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಂದು, ಅಂಗಡಿಯವರು ಬಲ್ಬ್ ಹೊತ್ತಿಸಿದಾಗ ಹತ್ತಿರ ಹಿಡಿಯುತ್ತೇನೆ. ಅರ್ಧ ನಿಮಿಷ ಸಾಕು.

ಮೊಬೈಲಿನಲ್ಲಿ ಆಕಾಶವಾಣಿ ಆ್ಯಪ್ ಹಾಕಿಕೊಟ್ಟೆ. ಗುರ್ ಇಲ್ಲ, ನಿಜ. ಆದರೆ ಅದು ಕೆಲವು ಸೆಕೆಂಡ್ ಹಿಂದೆ ಓಡುತ್ತದೆ, ನೆಟ್ ಹೋದರೆ ವಾರ್ತೆಯೂ ಹೋಯಿತು. ಅಪ್ಪ ಎರಡು ದಿನ ಕೇಳಿ ಮತ್ತೆ ಗುಂಡಿ ತಿರುಗಿಸಿದರು. ಅಡುಗೆಮನೆಯ ಒಂದು ಬಲ್ಬ್ ಬದಲಿಸೋದು ಇನ್ನೂ ಬಾಕಿ ಇದೆ. ವಾರ್ತೆ ಹೊತ್ತಿಗೆ ಅಮ್ಮ ಅದನ್ನು ಆರಿಸಿ, ಕಿಟಕಿ ಬೆಳಕಲ್ಲೇ ದೋಸೆ ಹುಯ್ಯುತ್ತಾಳೆ.