ಏರ್‌ಸೆನ್ಸ್ 10 ಆಟೋಸೆಟ್ ಸಿಪ್ಯಾಪ್ ಮೆಷಿನ್: ಐದು ವರ್ಷದ ಬಳಕೆಯ ನಂತರ

ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ) ಇದೆ ಎಂದು ಗೊತ್ತಾದವರು ಮೊದಲು ಕೇಳುವುದು ಯಾವ ಮೆಷಿನ್ ತಗೋಬೇಕು ಅಂತ. ರೆಸ್‌ಮೆಡ್ ಕಂಪನಿಯ ಈ ಏರ್‌ಸೆನ್ಸ್ 10 ಮೆಷಿನ್ ಒಳ್ಳೆಯದೇ. ಆದರೆ ಚಿಕಿತ್ಸೆ ಕೈಕೊಡುವುದು ಹೆಚ್ಚಾಗಿ ಮಾಸ್ಕು ಮುಖಕ್ಕೆ ತಾಗುವ ಆ ಅರ್ಧ ಇಂಚಿನ ಜಾಗದಲ್ಲಿ. ಹಾಗಾಗಿ ಮಾಸ್ಕಿನ ಮಾತೇ ಇಲ್ಲಿ ಜಾಸ್ತಿ.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಕುಸಿಯುತ್ತದೆ. ಒಳಗಿನಿಂದ ಗಾಳಿಯ ಒತ್ತಡ ಕೊಟ್ಟು ಆ ದಾರಿಯನ್ನು ತೆರೆದಿಡುವುದಷ್ಟೇ ಸಿಪ್ಯಾಪ್ ಕೆಲಸ. ಈ ಮೆಷಿನ್ನಿನ ಒತ್ತಡ 4ರಿಂದ 20 ಸೆಂಟಿಮೀಟರ್ ನೀರಿನ ಮಟ್ಟದವರೆಗೆ (ಗಾಳಿಯ ಒತ್ತಡ ಅಳೆಯುವ ಮಾನ ಅದು) ಹೋಗುತ್ತದೆ. ಉಸಿರಿನ ಹರಿವು ತೋರಿಸುವ ಅಲೆ ಚಪ್ಪಟೆಯಾದರೆ, ಗೊರಕೆ ಶುರುವಾದರೆ ತಾನೇ ಏರಿಸುತ್ತದೆ, ದಾರಿ ಸರಿಯಾದ ಮೇಲೆ ಮೆಲ್ಲಗೆ ಇಳಿಸುತ್ತದೆ. ಎಷ್ಟೋ ಜನರ ಮನೆಯಲ್ಲಿ ಮೆಷಿನ್ 4–20 ಎಂಬ ಪೂರ್ತಿ ಅಗಲದಲ್ಲೇ ಉಳಿದುಬಿಡುತ್ತದೆ. ಇದು ದೊಡ್ಡ ತಪ್ಪು. 4ರಲ್ಲಿ ಶುರುವಾದರೆ ಹಲವರಿಗೆ ಗಾಳಿ ಸಾಲದೆ ಉಸಿರು ಕಟ್ಟಿದಂತಾಗುತ್ತದೆ. ಬೇಕಾದ ಒತ್ತಡ 11 ಇದ್ದರೆ ಅಲ್ಲಿಗೆ ಏರುವಷ್ಟರಲ್ಲಿ ನಾಲ್ಕಾರು ಸಲ ಉಸಿರು ನಿಂತೇ ಹೋಗಿರುತ್ತದೆ. ಎರಡು ವಾರದ ದಾಖಲೆ ಹಿಡಿದು ವೈದ್ಯರ ಹತ್ತಿರ ಹೋಗಿ, ಕನಿಷ್ಠ ಒತ್ತಡವನ್ನು ನಿಮಗೆ ಬೇಕಾದ ಮಟ್ಟದ ಹತ್ತಿರಕ್ಕೆ ಹಾಕಿಸಿಕೊಳ್ಳಿ.

ಇದರ ಜೊತೆಗೇ ಇನ್ನೊಂದು. ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಇಪಿಆರ್ ಎಂಬ ಸೌಲಭ್ಯ ಇದರಲ್ಲಿದೆ, 1ರಿಂದ 3ರವರೆಗೆ. ಆದರೆ ಮೆಷಿನ್ 4ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಂದರೆ ಒತ್ತಡ 4ರಲ್ಲೇ ಇರುವಾಗ ಇಪಿಆರ್ 3 ಇಟ್ಟರೂ ಏನೂ ಆಗುವುದಿಲ್ಲ; 7 ಅಥವಾ ಅದಕ್ಕಿಂತ ಹೆಚ್ಚು ಇದ್ದಾಗ ಮಾತ್ರ ಪೂರ್ತಿ ಮೂರು ಅಂಕ ಇಳಿಯುತ್ತದೆ. "ಇಪಿಆರ್ ಕೆಲಸ ಮಾಡ್ತಿಲ್ಲ" ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತದೆ.

ಈಗ ಮಾಸ್ಕು. ಮೂರು ಬಗೆ: ಮೂಗಿನ ಹೊಳ್ಳೆಗೆ ಕೂರುವ ಪಿಲ್ಲೋ, ಮೂಗು ಮುಚ್ಚುವ ನೇಸಲ್, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್. ಮೂಗು ಕಟ್ಟಿಕೊಳ್ಳದವರು ನೇಸಲ್ ಅಥವಾ ಪಿಲ್ಲೋದಿಂದ ಶುರುಮಾಡುವುದು ವಾಸಿ. ಫುಲ್ ಫೇಸ್‌ನಲ್ಲಿ ಅಂಚು ಉದ್ದ, ಸೋರುವ ಜಾಗವೂ ಹೆಚ್ಚು. ದಪ್ಪ ಮೀಸೆ, ಗಡ್ಡ ಇದ್ದವರಿಗೆ ಪಿಲ್ಲೋ ಚೆನ್ನಾಗಿ ಕೂರುತ್ತದೆ. ಏರ್‌ಫಿಟ್ ಎಫ್20ಯಂಥ ಕೆಲವು ಮಾಸ್ಕುಗಳ ಕೊಕ್ಕೆಯಲ್ಲಿ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರ್ ಅಥವಾ ಮೆದುಳಿನ ಕ್ಲಿಪ್ ಇದ್ದವರು, ಪಕ್ಕದಲ್ಲಿ ಮಲಗುವವರಿಗೆ ಅವು ಇದ್ದರೂ ಸರಿ, ಅಯಸ್ಕಾಂತ ಇಲ್ಲದ್ದನ್ನೇ ಕೇಳಿ ಪಡೆಯಬೇಕು.

ಮಾಸ್ಕು ಹಾಕಿಕೊಳ್ಳುವ ಕ್ರಮ ಹೀಗಿರಲಿ. ಮೊದಲು ಮಲಗಿ. ಕೂತಾಗ ಸರಿಹೋದದ್ದು ಮಲಗಿದಾಗ ಸರಿಯಿರುವುದಿಲ್ಲ, ಕೆನ್ನೆಯ ಆಕಾರವೇ ಬೇರೆಯಾಗುತ್ತದೆ. ಪಟ್ಟಿಗಳನ್ನು ಸಡಿಲ ಬಿಟ್ಟು ಮೆನುವಿನಲ್ಲಿ 'ಮಾಸ್ಕ್ ಫಿಟ್' ಒತ್ತಿ. ಗಾಳಿ ಬರುತ್ತಿರುವಾಗಲೇ ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಎತ್ತಿ ಮತ್ತೆ ಕೂರಿಸಿ. ಸಿಲಿಕೋನಿನ ತೆಳು ಮಡಿಕೆ ಗಾಳಿ ತುಂಬಿಕೊಂಡು ಚರ್ಮಕ್ಕೆ ಅಂಟುತ್ತದೆ. ಆಮೇಲೆ ಎರಡೂ ಬದಿಯ ಪಟ್ಟಿಯನ್ನು ಒಟ್ಟಿಗೆ, ಸೋರಿಕೆ ನಿಲ್ಲುವಷ್ಟು ಮಾತ್ರ ಬಿಗಿಮಾಡಿ. ಸೋರಿತು ಅಂತ ಇನ್ನೂ ಬಿಗಿದರೆ ಆ ಮಡಿಕೆ ನಜ್ಜಾಗಿ ಮತ್ತಷ್ಟು ಸೋರುತ್ತದೆ, ಮೂಗಿನ ಮೇಲೆ ಗಾಯವೂ ಆಗುತ್ತದೆ.

ಎಣ್ಣೆಯ ವಿಷಯ ಕೈಪಿಡಿಗಿಂತ ನಮ್ಮ ಮನೆಗಳಿಗೇ ಹೆಚ್ಚು ಸಂಬಂಧಿಸಿದ್ದು. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವ ರೂಢಿ ಇದ್ದರೆ ಪಟ್ಟಿ ಜಾರುತ್ತದೆ, ಸಿಲಿಕೋನ್ ಹಳದಿಯಾಗಿ ಜಿಡ್ಡು ಹಿಡಿಯುತ್ತದೆ. ಎಣ್ಣೆಯನ್ನು ಬೆಳಗ್ಗೆ ಸ್ನಾನಕ್ಕೆ ಮುಂಚೆ ಹಚ್ಚಿ. ಮಲಗುವ ಮುಂಚೆ ಮುಖ ತೊಳೆಯಿರಿ, ಕ್ರೀಮ್ ಬೇಡ. ಬೆಳಗ್ಗೆ ಎದ್ದ ಮೇಲೆ ಕುಶನ್ನನ್ನು (ಮಾಸ್ಕಿನಲ್ಲಿ ಮುಖಕ್ಕೆ ತಾಗುವ ಸಿಲಿಕೋನ್ ಭಾಗ) ಉಗುರುಬೆಚ್ಚಗಿನ ನೀರು, ಮೃದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಡೆಟಾಲ್, ಸ್ಪಿರಿಟ್, ಬಿಸಿಲು ಮೂರೂ ಸಿಲಿಕೋನಿಗೆ ಶತ್ರು. ಓಝೋನ್ ಬಿಟ್ಟು ಶುದ್ಧಮಾಡುವ ಪೆಟ್ಟಿಗೆಗಳೂ ಬೇಡ.

ಬೆಳಗಿನ ವರದಿಯಲ್ಲಿ ಎಲ್ಲರೂ ನೋಡುವುದು ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬುದು. 5ರ ಒಳಗಿದ್ದರೆ ಒಳ್ಳೆಯದು. ಆದರೆ ಮೊದಲು ನೋಡಬೇಕಾದ್ದು ಬಳಸಿದ ಗಂಟೆ ಮತ್ತು ಸೋರಿಕೆ. ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಮೆಷಿನ್ನಿನ ಲೆಕ್ಕವೇ ನಂಬುವಂತಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಾಸ್ಕು ಕಿತ್ತಿಟ್ಟು ಮಲಗಿದರೂ ಪರದೆಯ ಮೇಲೆ ಎಎಚ್‌ಐ 2 ಎಂದೇ ಇರಬಹುದು. ಆಮೇಲಿನ ನಾಲ್ಕು ಗಂಟೆ ಅದರಲ್ಲಿ ಸೇರಿಲ್ಲ. ಸೆಂಟ್ರಲ್ ಎಐ (ದಾರಿ ಮುಚ್ಚದೆಯೂ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಎಂಬ ಲೆಕ್ಕ) ಎಂಬ ಸಾಲಿನ ಅಂಕೆ ದಿನೇದಿನೇ ಏರುತ್ತಿದ್ದರೆ ವೈದ್ಯರಿಗೆ ತೋರಿಸಿ. ಅಲ್ಲಿ ದಾರಿ ತೆರೆದೇ ಇದ್ದು ಉಸಿರಾಡುವ ಪ್ರಯತ್ನವೇ ನಿಂತಿರುತ್ತದೆ, ಒತ್ತಡ ಏರಿಸಿದರೆ ಗುಣವಾಗುವುದಿಲ್ಲ.

ಇನ್ನೂ ಆಳವಾಗಿ ನೋಡಬೇಕಿದ್ದರೆ ಬದಿಯ ಎಸ್‌ಡಿ ಕಾರ್ಡ್ ತೆಗೆದು ಆಸ್ಕರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬಹುದು, ಇಡೀ ರಾತ್ರಿಯ ಉಸಿರಿನ ಅಲೆ ಕಾಣುತ್ತದೆ. ಲ್ಯಾಪ್‌ಟಾಪಿಗೆ ಹಾಕುವ ಮುಂಚೆ ಕಾರ್ಡಿನ ಪಕ್ಕದ ಪುಟ್ಟ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ, ವಾಪಸ್ ಹಾಕುವಾಗ ಬಿಡಿಸಿ. ಮರೆತರೆ ಮೆಷಿನ್ ಕಾರ್ಡಿಗೆ ಬರೆಯುವುದಿಲ್ಲ.

ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ 380 ಮಿಲಿಲೀಟರ್ ಹಿಡಿಯುತ್ತದೆ. ಡಿಸ್ಟಿಲ್ಡ್ ನೀರೇ ಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಹಾಕಿದರೆ ಕೆಲವೇ ದಿನದಲ್ಲಿ ತಳದ ಲೋಹದ ತಟ್ಟೆಯ ಮೇಲೆ ಬಿಳಿ ಸುಣ್ಣದ ಪೊರೆ ಕೂರುತ್ತದೆ. ಆರ್‌ಓ ನೀರಲ್ಲೂ ಲವಣ ಸ್ವಲ್ಪ ಉಳಿದಿರುತ್ತದೆ, ಪೊರೆ ತಡವಾಗಿ ಬರುತ್ತದೆ ಅಷ್ಟೇ. ಬ್ಯಾಟರಿಗೆ ಹಾಕುವ ನೀರು ಉಸಿರಾಟಕ್ಕೆಂದು ತಯಾರಾದದ್ದಲ್ಲ, ಬೇಡ. ಸುಣ್ಣ ಹಿಡಿದರೆ ಒಂದು ಪಾಲು ವಿನಿಗರ್‌ಗೆ ಹತ್ತು ಪಾಲು ನೀರು ಬೆರೆಸಿ ನೆನೆಸಿಟ್ಟು ತೊಳೆಯಿರಿ. ಉಳಿದ ನೀರನ್ನು ದಿನಾ ಬೆಳಗ್ಗೆ ಚೆಲ್ಲಿ. ನೀರಿರುವಾಗ ಮೆಷಿನ್ ಎತ್ತಿ ಬೇರೆ ಕಡೆ ಇಡಬೇಡಿ, ವಾಲಿದರೆ ನೀರು ಮೋಟಾರಿನ ಕಡೆ ಹೋಗುತ್ತದೆ.

ತೇವದ ಮಟ್ಟ 1ರಿಂದ 8. ಮಂಗಳೂರಿನ ಮಳೆಗಾಲದಲ್ಲಿ 1–2 ಸಾಕು, ಕಲಬುರಗಿಯ ಬೇಸಿಗೆಯಲ್ಲಿ ಏರಿಸಿಕೊಳ್ಳಬೇಕು. ಮಡಿಕೇರಿಯ ಚಳಿಯಲ್ಲಿ, ಎಸಿ ಕೋಣೆಯಲ್ಲಿ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಸದ್ದು ಬಂದರೆ ತೇವ ಇಳಿಸಿ, ಪೈಪಿಗೆ ಬಟ್ಟೆಯ ಕವಚ ಹಾಕಿ, ಮೆಷಿನ್ನನ್ನು ಹಾಸಿಗೆಗಿಂತ ತಗ್ಗಿನಲ್ಲಿಡಿ. ಬಿಸಿಯಾಗುವ ಪೈಪ್ ಬೇರೆ ಕೊಳ್ಳಬೇಕಾದರೂ ಚಳಿ ಊರಿನವರಿಗೆ ಆ ಖರ್ಚು ಸಾರ್ಥಕ.

ಫಿಲ್ಟರ್ ಆರು ತಿಂಗಳಿಗೊಮ್ಮೆ ಬದಲಿಸಿದರೆ ಸಾಕು ಎನ್ನುತ್ತಾರೆ. ರಸ್ತೆ ಪಕ್ಕದ ಮನೆಯಲ್ಲಿ ಎರಡು ತಿಂಗಳಿಗೇ ಬೂದಿ ಬಣ್ಣ ತಿರುಗುತ್ತದೆ, ಆಗಲೇ ಬದಲಿಸಿ. ಅದನ್ನು ತೊಳೆಯುವಂತಿಲ್ಲ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಹಚ್ಚಬೇಡಿ, ಹೊಗೆಯ ವಾಸನೆ ನೇರ ಮೂಗಿಗೇ ಬರುತ್ತದೆ.

ಕರೆಂಟ್ ಹೋಗುವ ಊರುಗಳಿಗೆ: ಬಿಸಿನೀರಿನ ಡಬ್ಬಿ ಸೇರಿ ಸಾಮಾನ್ಯವಾಗಿ 50 ವ್ಯಾಟ್ ಆಸುಪಾಸು ಎಳೆಯುತ್ತದೆ. 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರಿನಲ್ಲಿ ಒಂದು ಫ್ಯಾನಿನ ಜೊತೆ ರಾತ್ರಿಯಿಡೀ ನಡೆಯುತ್ತದೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಲಿ. ಯುಪಿಎಸ್ ಮೋಡ್‌ನಲ್ಲಿಡಿ, ಇಲ್ಲದಿದ್ದರೆ ಬದಲಾಗುವ ಹೊತ್ತಿಗೆ ಮೆಷಿನ್ ಆಫ್ ಆಗಬಹುದು. ಬ್ಯಾಟರಿ ಕಡಿಮೆ ಇದ್ದ ದಿನ ತೇವ ಆಫ್ ಮಾಡಿ, ವಿದ್ಯುತ್ತಿನ ದೊಡ್ಡ ಪಾಲು ನೀರು ಕಾಯಿಸುವುದಕ್ಕೇ ಹೋಗುತ್ತದೆ.

ಕೊರತೆಗಳೂ ಇವೆ. ಅಡಾಪ್ಟರ್ ಭಾರ, ಪ್ರಯಾಣಕ್ಕೆ ತೊಡಕು. ಡಬ್ಬಿಯ ಸೀಲ್ ಸವೆದರೆ ಶಿಳ್ಳೆಯಂಥ ಸದ್ದು ಬರುತ್ತದೆ, ಜನ ಮೋಟಾರ್ ಕೆಟ್ಟಿತೆಂದು ರಿಪೇರಿಗೆ ಕೊಡುತ್ತಾರೆ; ಮೊದಲು ಡಬ್ಬಿಯನ್ನು ಬದಲಿಸಿ ನೋಡಿ. 2021ರಲ್ಲಿ ಏರ್‌ಸೆನ್ಸ್ 11 ಬಂದಿದೆ, ಆದರೆ 10 ಚೆನ್ನಾಗಿ ನಡೆಯುತ್ತಿರುವವರು ಅದಕ್ಕಾಗಿ ಬದಲಿಸುವ ಅಗತ್ಯ ಕಾಣುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಓಡಿದ ಗಂಟೆ ಕೇಳಿ ನೋಡಬೇಕು. 20,000 ಗಂಟೆ ದಾಟಿದರೆ ಮೋಟಾರಿನ ಆಯುಷ್ಯ ಮುಗಿಯಿತೆಂದು ಪರದೆಯೇ ಹೇಳುತ್ತದೆ. ದಿನಕ್ಕೆ 7 ಗಂಟೆಯ ಲೆಕ್ಕದಲ್ಲಿ ಅದು ಸುಮಾರು ಏಳೂಮುಕ್ಕಾಲು ವರ್ಷ. ಮಾಸ್ಕು, ಪೈಪು, ಡಬ್ಬಿ, ಫಿಲ್ಟರ್ ಮಾತ್ರ ಹೊಸದೇ ತಗೊಳ್ಳಿ.