ಪಂಪ್, ರೋಟಾಹೇಲರ್, ನೆಬುಲೈಸರ್: ಔಷಧ ಒಂದೇ, ದಾರಿ ಮೂರು

ಉಬ್ಬಸಕ್ಕೆ ಮೆಡಿಕಲ್ ಶಾಪಿನಲ್ಲಿ ಕೊಡುವ ಸಾಲ್ಬುಟಮಾಲ್ ಒಂದೇ, ಅದರ ವೇಷ ಮಾತ್ರ ನಾಲ್ಕು. ಪಂಪಿನಲ್ಲಿ, ಅಂದರೆ ಬಾಯಿಗಿಟ್ಟು ಒತ್ತುವ ಇನ್ಹೇಲರಿನಲ್ಲಿ, ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಪುಡಿ ಎಳೆಯುವ ರೋಟಾಹೇಲರಿನ ಕ್ಯಾಪ್ಸೂಲಿನಲ್ಲಿ 200, ಔಷಧವನ್ನು ಹೊಗೆಯಾಗಿಸುವ ನೆಬುಲೈಸರಿಗೆ ಹಾಕುವ ರೆಸ್ಪ್ಯೂಲ್‌ನಲ್ಲಿ (ಪುಟ್ಟ ಪ್ಲಾಸ್ಟಿಕ್ ಸೀಸೆ) 2,500, ಮಾತ್ರೆಯಲ್ಲಿ 2,000 ಇಲ್ಲವೇ 4,000. ಅಂಕಿ ದೊಡ್ಡದಿದ್ದರೆ ಔಷಧವೂ ಜೋರು ಅಂದುಕೊಂಡರೆ ಲೆಕ್ಕ ತಪ್ಪಿತು. ಮಾತ್ರೆ ಹೊಟ್ಟೆಗಿಳಿದು, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿಕೊಂಡು ಶ್ವಾಸನಾಳ ಮುಟ್ಟಬೇಕು. ಆ ಹಾದಿಯಲ್ಲೇ ಕೈ ನಡುಗಿ, ಎದೆ ಹೊಡೆದುಕೊಳ್ಳುತ್ತದೆ. ಪಂಪಿನ ಔಷಧ ನೇರ ಶ್ವಾಸನಾಳಕ್ಕೆ ಹೋಗಿ ಐದು ನಿಮಿಷದಲ್ಲಿ ಕೆಲಸ ಶುರುಮಾಡುತ್ತದೆ. ‘ಪಂಪ್ ಅಭ್ಯಾಸ ಆಗಿಬಿಡುತ್ತೆ, ಮಾತ್ರೆಯೇ ವಾಸಿ’ ಅನ್ನುವವರು ಲೆಕ್ಕವನ್ನು ತಲೆಕೆಳಗು ಹಿಡಿದಿದ್ದಾರೆ. ಹಾಗಾಗಿ ಮಾತ್ರೆ, ಸಿರಪ್ಪುಗಳನ್ನು ಈ ಹೋಲಿಕೆಯಿಂದ ಹೊರಗಿಟ್ಟಿದೆ.

ಉಳಿದ ಮೂರರಲ್ಲಿ ಯಾವುದು ಮೇಲು ಅನ್ನುವುದು ಔಷಧದ ಮೇಲಲ್ಲ, ಆ ಹೊತ್ತಿಗೆ ರೋಗಿಗೆ ಎಷ್ಟು ಉಸಿರು ಎಳೆಯಲು ಆಗುತ್ತದೆ ಅನ್ನುವುದರ ಮೇಲೆ ನಿಂತಿದೆ.

ಬರೀ ಪಂಪ್ ನೋಡಲು ಸುಲಭ, ಬಳಸಲು ಅಷ್ಟೇ ಕಷ್ಟ. ಒತ್ತಿದ ಕೂಡಲೇ ಔಷಧ ಬಾಣದಂತೆ ಹೊರಡುತ್ತದೆ. ಉಸಿರು ಎಳೆಯುವುದು ಅರ್ಧ ಸೆಕೆಂಡ್ ಹಿಂದುಮುಂದಾದರೂ ಅದು ಗಂಟಲ ಗೋಡೆಗೆ ಬಡಿದು ಅಲ್ಲೇ ಕೂರುತ್ತದೆ. ಸರಿಯಾಗಿ ಎಳೆದವರಲ್ಲೂ ಹೆಚ್ಚಿನ ಪಾಲು ಬಾಯಿ, ಗಂಟಲಿನಲ್ಲೇ ಉಳಿಯುತ್ತದೆ. ಕನ್ನಡಿ ಮುಂದೆ ನಿಂತು ಒತ್ತಿ ನೋಡಿ: ಬಾಯಿಂದಲೋ ಮೂಗಿಂದಲೋ ಬಿಳಿ ಹೊಗೆ ಆಚೆ ಬಂದರೆ ಆ ಡೋಸ್ ಗಾಳಿಪಾಲು.

ಇದಕ್ಕೆ ಮದ್ದು ಸ್ಪೇಸರ್, ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಪ್ಲಾಸ್ಟಿಕ್ ಕೊಳವೆ. ಪಂಪನ್ನು ಚೆನ್ನಾಗಿ ಕುಲುಕಿ ಸ್ಪೇಸರಿನ ಹಿಂದಕ್ಕೆ ಸಿಕ್ಕಿಸಿ, ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಹಿಡಿದು ಒಂದೇ ಒಂದು ಸಲ ಒತ್ತಬೇಕು. ನಾಲ್ಕೈದು ಸೆಕೆಂಡ್ ನಿಧಾನವಾಗಿ ಎಳೆದು ಹತ್ತು ಎಣಿಸುವಷ್ಟು ಹೊತ್ತು ಹಿಡಿಯಿರಿ. ಹಿಡಿಯಲು ಆಗದಿದ್ದರೆ ಮಾಮೂಲಿ ಉಸಿರಾಟವೇ ಸಾಕು, ನಾಲ್ಕೈದು ಸಲ. ಇನ್ನೊಂದು ಪಫ್ (ಒತ್ತು) ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಎರಡು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಸ್ಪೇಸರಿನ ಗೋಡೆಗೇ ಮೆತ್ತಿಕೊಳ್ಳುತ್ತವೆ. ಕೆಲವು ಸ್ಪೇಸರ್ ಸೀಟಿ ಹೊಡೆಯುತ್ತವೆ. ಅದನ್ನು ‘ಸರಿಯಾಗಿ ಹೋಯ್ತು’ ಅಂತ ತಿಳಿಯುವವರೇ ಜಾಸ್ತಿ, ಆದರೆ ಅದು ಜೋರಾಗಿ ಎಳೆದಿದ್ದಕ್ಕೆ ಬೈಗುಳ.

ಸ್ಪೇಸರ್ ತೊಳೆಯುವುದರಲ್ಲೂ ಒಂದು ಗುಟ್ಟಿದೆ. ಬಟ್ಟೆಯಲ್ಲಿ ಉಜ್ಜಿ ಒರೆಸಿದರೆ ಪ್ಲಾಸ್ಟಿಕ್‌ಗೆ ವಿದ್ಯುದಂಶ ಏರಿ, ಔಷಧವನ್ನು ಗೋಡೆಗೆ ಸೆಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅದ್ದಿ, ಹಾಗೇ ನೆರಳಲ್ಲಿ ಆರಲು ಬಿಡಿ. ಒರೆಸಬೇಡಿ.

ರೋಟಾಹೇಲರ್ ಇದಕ್ಕೆ ಪೂರಾ ತದ್ವಿರುದ್ಧ. ಇಲ್ಲಿ ಪುಡಿಯನ್ನು ತಳ್ಳುವ ಗ್ಯಾಸ್ ಇಲ್ಲ, ನಿಮ್ಮ ಉಸಿರೇ ಎಂಜಿನ್. ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗೆ ಬರುವಂತೆ ಚೌಕ ತೂತಿಗೆ ಇಟ್ಟು, ಅಂಚಿಗೆ ಸಮ ಬರುವವರೆಗೆ ಒತ್ತಿ, ಬುಡ ತಿರುಗಿಸಿದರೆ ಅದು ಎರಡು ಹೋಳಾಗುತ್ತದೆ. ಆಮೇಲೆ ಜೋರಾಗಿ, ಒಂದೇ ಎಳೆತಕ್ಕೆ, ಆಳವಾಗಿ ಎಳೆಯಬೇಕು. ಪಂಪಿನಂತೆ ಮೆಲ್ಲಗೆ ಎಳೆದರೆ ಪುಡಿ ಒಡೆಯದೆ ಮುದ್ದೆಯಾಗಿ ನಾಲಿಗೆ ಮೇಲೆ ಬೀಳುತ್ತದೆ. ನಾಲಿಗೆಗೆ ಹತ್ತುವ ತೆಳು ಸಿಹಿ ಅದರಲ್ಲಿ ಬೆರೆತ ಲ್ಯಾಕ್ಟೋಸಿನದು. ತೆಗೆದು ನೋಡಿ, ಹೋಳಿನಲ್ಲಿ ಪುಡಿ ಉಳಿದಿದ್ದರೆ ಇನ್ನೊಂದು ಸಲ ಎಳೆಯಿರಿ.

ಇದರ ಶತ್ರು ತೇವ. ಎಳೆಯುವ ಮುಂಚೆ ಅದರೊಳಗೇ ಉಸಿರು ಬಿಟ್ಟರೆ ಪುಡಿ ಗಂಟು ಕಟ್ಟುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸಡಿಲವಿದ್ದರೂ ಸಾಕು, ಕ್ಯಾಪ್ಸೂಲು ಮೆತ್ತಗಾಗಿ ನೆಟ್ಟಗೆ ಹೋಳಾಗುವುದಿಲ್ಲ. ಒದ್ದೆ ಕೈಯಲ್ಲಿ ಮುಟ್ಟಬಾರದು, ಬೇಕಾದ ಹೊತ್ತಿಗಷ್ಟೇ ತೆಗೆಯಬೇಕು. ಇನ್ನೊಂದು ಅನಾಹುತ, ಮನೆಯ ಹಿರಿಯರು ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿಬಿಡುವುದು. ಔಷಧ ಕೊಟ್ಟವರು ಒಂದು ಸಲ ಮಾಡಿ ತೋರಿಸದಿದ್ದರೆ ಅವರದೇನು ತಪ್ಪು?

ದಿನನಿತ್ಯಕ್ಕೆ, ಜೇಬಲ್ಲಿಟ್ಟು ಓಡಾಡುವ ದೊಡ್ಡವರಿಗೆ ರೋಟಾಹೇಲರ್ ಚೆನ್ನ. ಐದು ವರ್ಷದೊಳಗಿನ ಮಕ್ಕಳಿಗೆ ಬೇಡ. ಉಬ್ಬಸ ಜೋರಾದಾಗ ದೊಡ್ಡವರಿಗೂ ಬೇಡ, ಎಳೆಯುವ ಶಕ್ತಿಯೇ ಇಲ್ಲದಾಗ ಪುಡಿ ಒಳಗೆ ಹೋಗುವುದೆಲ್ಲಿಂದ?

ನೆಬುಲೈಸರಿನ ಮೇಲೆ ನಮ್ಮ ಜನಕ್ಕೆ ಅತಿ ನಂಬಿಕೆ. ಗುರ್ ಅನ್ನುವ ಮೆಷಿನ್ನು, ಮುಖ ತುಂಬ ಹೊಗೆ, ನೋಡಿದರೇ ಧೈರ್ಯ. ಆದರೆ ಸ್ಪೇಸರ್ ಮೂಲಕ 4ರಿಂದ 10 ಪಫ್ ಕೊಟ್ಟರೆ ಸಾಧಾರಣ ಉಬ್ಬಸಕ್ಕೆ ನೆಬುಲೈಸರಿನಷ್ಟೇ ಗುಣ. ಅಳುವ ಮಗುವಿನ ಮುಖದಿಂದ ಎರಡು ಬೆರಳು ದೂರ ಮಾಸ್ಕ್ ಹಿಡಿದರೆ ಔಷಧ ಫ್ಯಾನಿಗೆ ಹೋಯಿತು ಅಂತಲೇ ಲೆಕ್ಕ. ಔಷಧ ತೆಳು ಮಾಡಲು ನಾರ್ಮಲ್ ಸಲೈನ್ ಮಾತ್ರ ಹಾಕಬೇಕು, ಬರೀ ನೀರಿನ ಹೊಗೆ ಶ್ವಾಸನಾಳವನ್ನು ಇನ್ನಷ್ಟು ಬಿಗಿಸಬಹುದು. ಶ್ವಾಸನಾಳ ಸಡಿಲಿಸುವ ಇನ್ನೊಂದು ಔಷಧ ಇಪ್ರಟ್ರೋಪಿಯಂ ಬೆರೆತಿದ್ದರೆ ಮಾಸ್ಕ್ ಸಡಿಲವಾಗಿ ಹೊಗೆ ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರಿಗೆ ಅದು ಅಪಾಯ. ಊತ ಇಳಿಸುವ ಸ್ಟಿರಾಯ್ಡ್ ಬುಡೆಸೊನೈಡ್, ಕಂಪನದಿಂದ ಹೊಗೆ ಮಾಡುವ ಅಲ್ಟ್ರಾಸಾನಿಕ್ ಮೆಷಿನ್ನಿನಲ್ಲಿ ಸರಿಯಾಗಿ ಹೊಗೆಯಾಗದು, ಅದಕ್ಕೆ ಗಾಳಿ ಒತ್ತಿ ಹೊಗೆ ಮಾಡುವ ಕಂಪ್ರೆಸರ್ ಮೆಷಿನ್ನೇ ಬೇಕು. ಕಪ್ ತೊಳೆಯದೆ ಇಟ್ಟರೆ ಮರುದಿನ ಔಷಧದ ಜೊತೆ ಬ್ಯಾಕ್ಟೀರಿಯಾ ಕೂಡ ಒಳಗೆ. ತೀರಾ ಸುಸ್ತಾದವರಿಗೆ, ಆಕ್ಸಿಜನ್ ಜೊತೆ ಕೊಡಬೇಕಾದಾಗ, ಆಸ್ಪತ್ರೆಯಲ್ಲಿ ಇದು ಬೇಕೇ ಬೇಕು. ಮನೆಗೆ ಕೊಳ್ಳುವ ಮುಂಚೆ ಸ್ಪೇಸರ್ ಕೊಳ್ಳಿ.

ಮೂರರಲ್ಲಿ ಯಾವುದನ್ನೇ ಆರಿಸಿ, ಒಳಗಿನ ಔಷಧ ಯಾವುದೆಂದು ತಿಳಿದಿರಬೇಕು. ಸಾಲ್ಬುಟಮಾಲ್ ಶ್ವಾಸನಾಳ ಸುತ್ತಿದ ಸ್ನಾಯುವನ್ನು ನಾಲ್ಕರಿಂದ ಆರು ಗಂಟೆ ಸಡಿಲಿಸುತ್ತದೆ, ಅಷ್ಟೇ. ಒಳಪದರದ ಊತ, ಕಫ ಹಾಗೇ ಇರುತ್ತವೆ. ಊತ ಇಳಿಸುವುದು ಬುಡೆಸೊನೈಡಿನಂಥ ಸ್ಟಿರಾಯ್ಡ್. ಅದಕ್ಕೆ ದಿನಗಳು, ವಾರಗಳು ಬೇಕು, ಎಳೆದ ಕೂಡಲೇ ಏನೂ ಗೊತ್ತಾಗದು. ಅದಕ್ಕೇ ಜನ ಅದನ್ನು ಬಿಟ್ಟು ಸಾಲ್ಬುಟಮಾಲನ್ನೇ ನೆಚ್ಚುತ್ತಾರೆ. ಸ್ಟಿರಾಯ್ಡ್ ಅಂದರೆ ಹೆದರುವವರಿಗೆ ಒಂದು ಲೆಕ್ಕ: ಒಂದು ಪಫ್‌ನಲ್ಲಿ 200 ಮೈಕ್ರೋಗ್ರಾಂ. ಉಬ್ಬಸ ಕೆರಳಿ ಆಸ್ಪತ್ರೆ ಸೇರಿದಾಗ ಕೊಡುವ ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ ಅಂದರೆ 40,000 ಮೈಕ್ರೋಗ್ರಾಂ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಕೂರುತ್ತದೆ, ದನಿ ಒಡೆಯುತ್ತದೆ.

2019ರಿಂದ ಉಬ್ಬಸದ ಅಂತರರಾಷ್ಟ್ರೀಯ ಮಾರ್ಗಸೂಚಿ ಗೀನಾ, ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬುಟಮಾಲ್ ಸಲ್ಲದು ಅನ್ನುತ್ತಿದೆ. ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಬೆರೆತ ಪಂಪು ಊತ ಇಳಿಸಲೂ ಸ್ನಾಯು ಸಡಿಲಿಸಲೂ, ಎರಡೂ ಕೆಲಸಕ್ಕೆ ಬರುತ್ತದೆ, ಫಾರ್ಮೊಟೆರಾಲ್ ಕೂಡ ಸಾಲ್ಬುಟಮಾಲಿನಂತೆ ನಿಮಿಷಗಳಲ್ಲೇ ಕೆಲಸ ಶುರುಮಾಡಿ ಹನ್ನೆರಡು ಗಂಟೆ ನಿಲ್ಲುತ್ತದೆ. ಅದೇ ಬಗೆಯ ಇನ್ನೊಂದು ಔಷಧ ಸಾಲ್ಮೆಟೆರಾಲ್ ಬೆರೆತದ್ದನ್ನು ಹಾಗೆ ತುರ್ತಿಗೆ ಬಳಸುವಂತಿಲ್ಲ, ಅದು ಏಳುವುದೇ ನಿಧಾನ. ಡಬ್ಬಿ ಎರಡೂ ಒಂದೇ ಥರ ಕಾಣಬಹುದು, ಹೆಸರು ಓದಿ ವೈದ್ಯರನ್ನು ಕೇಳಿಕೊಳ್ಳಿ. ವರ್ಷಕ್ಕೆ 200 ಪಫ್‌ನ ಸಾಲ್ಬುಟಮಾಲ್ ಪಂಪು ಮೂರು ಖಾಲಿಯಾಗುತ್ತಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ ಎಂದೇ ಅರ್ಥ.

ಒಂದು ವಾಕ್ಯ ಪೂರ್ತಿ ಹೇಳಲಾಗದೆ ಏದುಸಿರು ಬಂದರೆ ಕೂರಿಸಿ, ಮಲಗಿಸಬೇಡಿ. ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಒಂದೊಂದೇ ಪಫ್‌ನಂತೆ ಹತ್ತರವರೆಗೆ ಕೊಡಿ. ತುಟಿ ನೀಲಿಗಟ್ಟಿದರೆ ಹತ್ತು ಮುಗಿಯುವವರೆಗೂ ಕಾಯದೆ, ಪಫ್ ಕೊಡುತ್ತಲೇ 108ಕ್ಕೆ ಫೋನ್ ಮಾಡಿ.