ಮನೆ ಜಿಮ್‌ಗೆ ಕೇಬಲ್ ಪುಲ್ಲಿ: ಪ್ಲೇಟ್ ಹಾಕುವುದೋ, ಸ್ಟ್ಯಾಕ್ ಇರುವುದೋ?

ಕೇಬಲ್ ಎಳೆದು ತೂಕ ಎತ್ತುವ ಈ ಮಷೀನ್‌ನಲ್ಲಿ ಎರಡು ಬಗೆ. ಒಂದಕ್ಕೆ ನಿಮ್ಮ ಬಾರ್‌ಬೆಲ್ ಪ್ಲೇಟನ್ನೇ ಹಾಕಿ ಎಳೆಯಬೇಕು. ಇನ್ನೊಂದರಲ್ಲಿ ತೂಕದ ಸ್ಟ್ಯಾಕ್ ಜೊತೆಗೇ ಬರುತ್ತದೆ, ಪಿನ್ ಸಿಕ್ಕಿಸಿದರೆ ಸಾಕು.

ಪ್ಲೇಟ್ ಈಗಾಗಲೇ ಇದ್ದರೆ ಮೊದಲನೆಯದೇ ಅಗ್ಗ. ಆದರೆ ಸೆಟ್‌ಗೊಮ್ಮೆ ಪ್ಲೇಟ್ ಬದಲಿಸುವುದು ಬೇಜಾರು. ಮನೆಯಲ್ಲಿ ಇಬ್ಬರು ಮೂವರು ಬಳಸುತ್ತೀರಿ ಅಂದರೆ ಸ್ಟ್ಯಾಕ್‌ಗೆ ಜಾಸ್ತಿ ದುಡ್ಡು ಕೊಟ್ಟರೂ ಸಾರ್ಥಕ. ಅದರ ಭಾರ ಮಾತ್ರ ಮರೆಯಬೇಡಿ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಏರಿಸುವುದು ಸುಲಭವಲ್ಲ.

ಇದಕ್ಕಿಂತ ಮುಖ್ಯವಾದದ್ದು ಅನುಪಾತ, ಅಂದರೆ ಹಾಕಿದ ತೂಕಕ್ಕೂ ಕೈಗೆ ಸಿಗುವ ಭಾರಕ್ಕೂ ಇರುವ ಲೆಕ್ಕ. ಜಾಹೀರಾತಿನ ಕಿಲೋ ನೋಡಿ ತೀರ್ಮಾನಿಸಬೇಡಿ, ಅನುಪಾತ ಎಷ್ಟು ಅಂತ ಅಂಗಡಿಯವರನ್ನು ಕೇಳಿ. 1:1 ಮಷೀನ್‌ನಲ್ಲಿ 40 ಕಿಲೋ ಹಾಕಿದರೆ ಕೈಗೂ ಸುಮಾರು 40 ಕಿಲೋನೇ. 2:1ರಲ್ಲಿ 20 ಮಾತ್ರ, ಆದರೆ ಕೇಬಲ್ ಎರಡರಷ್ಟು ಉದ್ದ ಬರುತ್ತದೆ. ಲ್ಯಾಟ್ ಪುಲ್‌ಡೌನ್ (ಮೇಲಿಂದ ಕೆಳಗೆ ಎಳೆಯುವುದು), ರೋ (ಮುಂದಿನಿಂದ ಹೊಟ್ಟೆಯತ್ತ ಎಳೆಯುವುದು) ಭಾರವಾಗಿ ಮಾಡುವವರಿಗೆ 1:1 ಸರಿ. ಫ್ಲೈ (ಚಾಚಿದ ಕೈಗಳನ್ನು ಎದೆಯ ಮುಂದೆ ಸೇರಿಸುವುದು), ಒಂದೇ ಕೈಯ ವ್ಯಾಯಾಮಗಳಿಗೆ ನನ್ನ ಆಯ್ಕೆ 2:1. ತೂಕ ಸ್ವಲ್ಪ ಸ್ವಲ್ಪವೇ ಏರಿಸಬಹುದು, ಭುಜದ ವ್ಯಾಯಾಮಕ್ಕೆ ಅದೇ ಬೇಕಲ್ವಾ?

ಗೋಡೆಗೆ ಕೂರಿಸುವ ಮಾದರಿ ಜಾಗ ಉಳಿಸುತ್ತದೆ. ಟೊಳ್ಳು ಬ್ಲಾಕ್ ಗೋಡೆಯಾದರೆ ಬೇಡವೇ ಬೇಡ. ಪ್ಲೇಟ್ ಹಾಕುವುದೋ, ಸ್ಟ್ಯಾಕ್ ಇರುವುದೋ, ಯಾವುದೇ ಆಗಲಿ, ಬೇರಿಂಗ್ ಇರುವ ಪುಲ್ಲಿಯನ್ನೇ ಕೇಳಿ ತಗೊಳ್ಳಿ.